ಗಾಜಿನ ತಾಟಿನಲ್ಲಿ ಗೆದ್ದ ತೊಗಟೆ

ಆ ಬೇಸಿಗೆಯಲ್ಲಿ ನಮ್ಮ ಪ್ರಯೋಗಾಲಯದ ಇನ್‌ಕ್ಯುಬೇಟರ್‌ಗೆ ಕೆಲಸವೇ ಇರಲಿಲ್ಲ. ನಾನು ಬೆಳೆಸುತ್ತಿದ್ದ ಬ್ಯಾಕ್ಟೀರಿಯಾಗಳಿಗೆ ಮನುಷ್ಯನ ಮೈಯಷ್ಟು ಬಿಸಿ ಬೇಕು; ಅಥಣಿಯ ಏಪ್ರಿಲ್ ತಿಂಗಳು ಹೊತ್ತೇರುವ ಮೊದಲೇ ಅದನ್ನು ದಾಟಿಬಿಡುತ್ತಿತ್ತು. ಆ ಪೆಟ್ಟಿಗೆಗೆ ಬಿಸಿ ಮಾಡುವುದು ಗೊತ್ತಿತ್ತು, ತಂಪು ಮಾಡುವುದು ಗೊತ್ತಿರಲಿಲ್ಲ. ಗೋಣಿಚೀಲ ತೋಯಿಸಿ ಅದಕ್ಕೆ ಹೊದಿಸುತ್ತಿದ್ದೆ, ಒಣಗಿದಂತೆಲ್ಲ ಮತ್ತೆ ನೀರು ಚಿಮುಕಿಸುತ್ತಿದ್ದೆ. ಕರೆಂಟು ಹೋದರೆ ಗೋಣಿಚೀಲವೇ ಗತಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಲ್ಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ, ಉಳಿದ ಹೊತ್ತಿನಲ್ಲಿ ಸುತ್ತಲಿನ ಗಿಡಮರಗಳ ಸಾರ ತೆಗೆದು ಅದು ರೋಗಾಣುಗಳನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೆ.

ಬೇವು, ಲಕ್ಕಿ, ಉತ್ತರಾಣಿ ಎಲ್ಲ ಮುಗಿದಿದ್ದವು. ಯಾವುದೂ ಹೇಳಿಕೊಳ್ಳುವಂಥ ಫಲ ಕೊಟ್ಟಿರಲಿಲ್ಲ. ಆಗ ಸಿಕ್ಕಿದ್ದು ಕರಿಜಾಲಿಯ ತೊಗಟೆ.

ಅದನ್ನು ತೋರಿಸಿದಾತ ಮಂಗಸೂಳಿ ಕಡೆಯ ಒಬ್ಬ ಕುರಿಗಾರ. ವಯಸ್ಸು ಐವತ್ತು ದಾಟಿರಬೇಕು. ಉದ್ದ ಕೋಲಿಗೆ ಕುಡುಗೋಲು ಕಟ್ಟಿ ಜಾಲಿಕಾಯಿ ಉದುರಿಸುತ್ತಿದ್ದ, ಕುರಿಗಳು ಅವನ ಕಾಲ ಸುತ್ತ ಮುತ್ತಿಕೊಂಡಿದ್ದವು. ಗಿಡದ ಬಗ್ಗೆ ಕೇಳಿದೆ. ಕುರಿಗಳ ಗೊರಸು ಕೊಳೆತಾಗ ಇದೇ ತೊಗಟೆ ಕುದಿಸಿ ತೊಳೆಯುವುದಾಗಿಯೂ, ತನ್ನ ಅಪ್ಪ ಮನುಷ್ಯರ ಗಾಯಕ್ಕೂ ಇದನ್ನೇ ಹಾಕುತ್ತಿದ್ದುದಾಗಿಯೂ ಹೇಳಿದ. ಕೇಳದೆಯೇ ಒಂದು ಮಗ್ಗುಲಿನ ತೊಗಟೆ ಸುಲಿದು ನನ್ನ ಚೀಲ ತುಂಬಿಸಿದ.

"ಏನ ಮಾಡ್ತೀರಿ ಬಾಯಾರ ಇದನ್ನ ಒಯ್ದು?"

"ಪರೀಕ್ಷಾ ಮಾಡ್ತೀನ್ರಿ ಕಾಕಾ. ರೋಗದ ಹುಳಾ ಇದಕ್ಕ ಸಾಯ್ತಾವೋ ಇಲ್ಲೋ ನೋಡ್ತೀನಿ."

"ಸಾಯ್ತಾವ ಅಂತ ನಾನ ಹೇಳಾಕತ್ತೀನಲ್ಲ! ನನ್ನ ಮಾತಿಗೂ ಪರೀಕ್ಷಾ ಅಂದ್ರ ಹೆಂಗ್ರಿ?" ಎಂದು ಜೋರಾಗಿ ನಕ್ಕ. ನಗುವಾಗ ಕುರಿಗಳೂ ತಲೆಯೆತ್ತಿ ನೋಡಿದವು.

ತೊಗಟೆಯನ್ನು ನೆರಳಲ್ಲಿ ಒಣಗಿಸಿದೆ. ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು ಪುಡಿ ಮಾಡಿದೆ. ಪುಡಿಯನ್ನು ಗಾಜಿನ ಉಪಕರಣದಲ್ಲಿಟ್ಟು ಕೆಳಗಿನಿಂದ ಆಲ್ಕೋಹಾಲ್ ಕಾಯಿಸಿದರೆ, ಅದರ ಆವಿ ಮೇಲೆ ತಣ್ಣಗಾಗಿ ಹನಿಹನಿಯಾಗಿ ಪುಡಿಯ ಮೇಲೆ ಬಿದ್ದು ಸಾರವನ್ನು ಇಳಿಸಿಕೊಂಡು ಕೆಳಗೆ ಬರುತ್ತದೆ. ಆವಿ ತಣ್ಣಗಾಗಲು ನಲ್ಲಿಯ ನೀರು ಹರಿಯುತ್ತಲೇ ಇರಬೇಕು. ನಮ್ಮ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಮುಂಜಾನೆ ಮಾತ್ರ. ಅಟ್ಟದ ಮೇಲೆ ಒಂದು ಡ್ರಮ್ ಇಟ್ಟು, ರಬ್ಬರ್ ಕೊಳವೆ ಇಳಿಸಿ, ಕೆಳಗೆ ಬಿದ್ದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಮತ್ತೆ ಡ್ರಮ್ಮಿಗೆ ಸುರಿದು ದಿನವಿಡೀ ನಡೆಸಿದೆ. ಕೊನೆಗೆ ಬಂದದ್ದು ಚಹಾದ ಗಷ್ಟಿನಂಥ ಕೆಂಪು ಅಂಟು.

ಇನ್ನೊಂದು ಕಡೆ ರೋಗಾಣುಗಳ ಕೆಲಸ. ಗಾಜಿನ ತಾಟುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಓವನ್ನಿನಲ್ಲಿ ಕಾಯಿಸಿ ಶುದ್ಧ ಮಾಡುತ್ತಿದ್ದೆವು. ಪತ್ರಿಕೆ ಕಂದು ಬಣ್ಣಕ್ಕೆ ತಿರುಗಿದರೆ ಕೆಲಸವಾಯಿತು ಎಂದು ಲೆಕ್ಕ. ಬ್ಯಾಕ್ಟೀರಿಯಾಗಳಿಗೆ ಆಹಾರ ಬೆರೆಸಿದ ಅಗಾರ್ ಎಂಬ ಅಂಟನ್ನು ಅಡುಗೆಮನೆಯ ದೊಡ್ಡ ಕುಕ್ಕರಿನಲ್ಲಿ ಬೇಯಿಸುತ್ತಿದ್ದೆ. ಅದನ್ನು ತಾಟಿಗೆ ಸುರಿದರೆ ಹಾಲುಬಾಯಿಯ ಹಾಗೆ ಗಟ್ಟಿಯಾಗುತ್ತದೆ. ಮೇಲೆ ಬ್ಯಾಕ್ಟೀರಿಯಾ ಸವರಿ, ನಡುವೆ ಸಣ್ಣ ಕುಣಿ ಕೊರೆದು, ಆ ಕುಣಿಯಲ್ಲಿ ಗಿಡದ ಸಾರ ಹಾಕಬೇಕು. ಮರುದಿನಕ್ಕೆ ತಾಟೆಲ್ಲ ಮಬ್ಬಾಗಿ ಬೆಳೆದಿರುತ್ತದೆ. ಸಾರಕ್ಕೆ ಶಕ್ತಿಯಿದ್ದರೆ ಕುಣಿಯ ಸುತ್ತ ಏನೂ ಬೆಳೆಯದ ತಿಳಿಯಾದ ವರ್ತುಲವೊಂದು ಉಳಿಯುತ್ತದೆ. ನಮ್ಮ ಪಾಡೆಲ್ಲ ಆ ವರ್ತುಲಕ್ಕಾಗಿ.

ಮೊದಲ ಸಲ ತಾಟು ತೆರೆದಾಗ ವರ್ತುಲ ಎಷ್ಟು ದೊಡ್ಡದಿತ್ತೆಂದರೆ ನಾನು ಬಿಸಿಲಿಗೆಂದು ಕಿಟಕಿಗೆ ಕಟ್ಟಿದ್ದ ಗೋಣಿ ಸರಿಸಿ ಬೆಳಕಿಗೆ ಹಿಡಿದೆ. ವಿಭಾಗದ ಮುಖ್ಯಸ್ಥರನ್ನು ಕೂಗಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ಶಬಾಷ್ ರೀ!" ಎಂದರು. ಆಮೇಲೆ ನಾನು ಅದೇ ತಾಟಿನ ಇನ್ನೊಂದು ಕುಣಿಯನ್ನು ನೋಡಿದೆ. ಅದರಲ್ಲಿ ಸಾರ ಇರಲಿಲ್ಲ, ಬರೀ ಆಲ್ಕೋಹಾಲ್ ಇತ್ತು. ಅದರ ಸುತ್ತಲೂ ವರ್ತುಲವಿತ್ತು.

ಅಂದರೆ ಬ್ಯಾಕ್ಟೀರಿಯಾಗಳನ್ನು ಕೊಂದದ್ದು ಜಾಲಿಯೋ, ಸಾರದಲ್ಲಿ ಉಳಿದ ಆಲ್ಕೋಹಾಲೋ ಗೊತ್ತಿಲ್ಲ.

"ಅದು ಸಣ್ಣದೈತಿ, ಇದು ದೊಡ್ಡದೈತಿ. ಕಳದ ಬರೀರಿ" ಎಂದರು ಮುಖ್ಯಸ್ಥರು.

"ಹಂಗ ಕಳ್ಯಾಕ ಬರೂದಿಲ್ರಿ ಸರ್."

ಆ ತನಕದ ತಾಟುಗಳನ್ನೆಲ್ಲ ಕೈಬಿಟ್ಟೆ. ಸಾರವನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಆಲ್ಕೋಹಾಲಿನ ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿದೆ. ಒಣಗಿ ಅರಗಿನಂತೆ ಗಟ್ಟಿಯಾದದ್ದನ್ನು ಕೆರೆದು, ಶುದ್ಧ ನೀರಿನಲ್ಲಿ ಕರಗಿಸಿ, ಮೊದಲಿನಿಂದ ಶುರು ಮಾಡಿದೆ. ಈ ಸಲ ಖಾಲಿ ನೀರಿನ ಕುಣಿಯ ಸುತ್ತ ಎಲ್ಲವೂ ಬೆಳೆದಿತ್ತು, ಜಾಲಿಯ ಕುಣಿಯ ಸುತ್ತ ವರ್ತುಲ ಉಳಿದಿತ್ತು. ಮೊದಲಿಗಿಂತ ಚಿಕ್ಕದು, ಆದರೆ ಅದು ತೊಗಟೆಯದೇ. ಹುಣ್ಣು, ಕುರುಗಳಲ್ಲಿ ಕೀವು ತರುವ ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಅದು ಚೆನ್ನಾಗಿ ತಡೆಯುತ್ತಿತ್ತು. ಕರುಳಿನಲ್ಲಿ ವಾಸಿಸುವ ಇನ್ನೊಂದು ಜಾತಿಗೆ ಏನೂ ಮಾಡುತ್ತಿರಲಿಲ್ಲ. ಎರಡನ್ನೂ ಮಿರಜದ ಒಂದು ಆಸ್ಪತ್ರೆಯ ಪ್ರಯೋಗಾಲಯದಿಂದ ತಂದಿದ್ದೆ. ಒಂದನ್ನು ತಡೆಯುತ್ತದೆ, ಇನ್ನೊಂದನ್ನು ತಡೆಯುವುದಿಲ್ಲ: ನನಗೆ ಸಿಕ್ಕ ಸತ್ಯ ಇಷ್ಟೇ.

ಮಳೆಗಾಲದಲ್ಲಿ ಕಾಲೇಜಿನ ವಿಜ್ಞಾನ ಪ್ರದರ್ಶನ ಬಂತು. ಮುಖ್ಯಸ್ಥರು ವರ್ತುಲ ಬಿದ್ದ ತಾಟುಗಳನ್ನು ಮೇಜಿನ ಮುಂದೆ ಜೋಡಿಸಿದರು. ಬೀಳದ ತಾಟುಗಳನ್ನೂ ಇಡೋಣ ಎಂದೆ. ನೋಡಲು ಬಂದವರಿಗೆ ಗೊಂದಲವಾಗುತ್ತದೆ ಎಂದರು. ಆದರೂ ಒಂದನ್ನು ಇಟ್ಟು, ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ಎರಡನ್ನೂ ತೋರಿಸಿದೆ. ಪತ್ರಿಕೆಯ ವರದಿಗಾರನೊಬ್ಬನಿಗೂ ತೋರಿಸಿದೆ. ಅವನು ತಲೆಯಾಡಿಸಿ ಬರೆದುಕೊಂಡ. ಪತ್ರಿಕೆಯಲ್ಲಿ ಬಂದದ್ದು, ಜಾಲಿ ತೊಗಟೆ ಗಾಯಗಳಿಗೆ ರಾಮಬಾಣವೆಂದು ಕಾಲೇಜು ಕಂಡುಹಿಡಿದಿದೆ ಎಂಬ ಸುದ್ದಿ. ತಿದ್ದುಪಡಿ ಹಾಕಿಸಲು ಅವನನ್ನು ಹುಡುಕಿಕೊಂಡು ಹೋದೆ. "ಒಳ್ಳೇ ಸುದ್ದಿಗೆ ತಿದ್ದುಪಡಿ ಯಾರ ಓದ್ತಾರ್ರಿ ಮೇಡಂ?" ಎಂದ. ಹಾಕಲಿಲ್ಲ.

ಮಳೆಗಾಲ ಮುಗಿದು, ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಕೆಲಸ ನಡೆದಿದ್ದ ದಿನಗಳು. ಮೂರನೆಯ ತರಗತಿ ಮುಗಿಸಿ ಹೊರಬಂದರೆ ಕಾರಿಡಾರಿನಲ್ಲಿ ಒಬ್ಬ ಹೆಂಗಸು ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು. ತೊಗಟೆ ಕೊಟ್ಟ ಕುರಿಗಾರನ ಹೆಂಡತಿ ತಾನೆಂದಳು.

"ಬಾಯಾರ, ಒಂದ ಸಲ ಬಂದ ಹೋಗ್ರಿ. ಅಂವಾ ಯಾರ ಮಾತೂ ಕೇಳವಲ್ಲ. ನಿಮ್ಮ ಮಾತ ಕೇಳತಾನ."

"ಏನಾಗೇತ್ರಿ ಕಾಕೂ?"

"ಕಾಲಾಗ ಮುಳ್ಳ ಮುರದಿತ್ರಿ. ಬಾತೈತಿ. ಮಂಗಸೂಳಿ ಡಾಕ್ಟರ ಮಿರಜಕ್ಕ ಹೋಗ ಅಂದ್ರು. ಇಂವಾ, ನನ್ನ ಔಷದ ಖರೇ ಐತಿ ಅಂತ ಪೇಪರಿನ್ಯಾಗ ಬಂದೈತಿ, ನಾ ಯಾಕ ಹೋಗ್ಲಿ ಅಂತಾನ್ರಿ."

ಆತನಿಗೆ ಓದಲು ಬರುತ್ತಿರಲಿಲ್ಲ. ಚಹಾದ ಅಂಗಡಿಯಲ್ಲಿ ಯಾರೋ ಓದಿ ಹೇಳಿದ್ದರು. ಅಂದಿನಿಂದ ಆತ ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದನಂತೆ.

ಅವಳ ಜೊತೆಗೇ ಹೊರಟೆ. ಮಿರಜದ ಬಸ್ಸು ಹತ್ತಿ ಮಂಗಸೂಳಿಯಲ್ಲಿ ಇಳಿದು, ತೋಟಗಳ ನಡುವಿನ ದಾರಿಯಲ್ಲಿ ನಡೆದೆವು. ಒಬ್ಬ ದ್ರಾಕ್ಷಿ ಬೆಳೆಗಾರರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಮಲಗಿಸಿದ್ದರು. ಹೊಲದ ಅಂಚಿಗೆ ತಾಡಪತ್ರಿಯ ಗುಡಾರ. ಕುರಿಗಾರ ಕಂಬಳಿಯ ಮೇಲೆ ಕಾಲು ಚಾಚಿ ಕೂತಿದ್ದ. ನನ್ನನ್ನು ಕಂಡು ಮುಖ ಅರಳಿತು.

"ಬರ್ರಿ ಬಾಯಾರ! ನಾ ಹೇಳಿದ್ದಿಲ್ಲೇನು? ನಿಮ್ಮ ಪರೀಕ್ಷಾದಾಗ ನಾನ ಪಾಸ್ ಆದೆ ನೋಡ್ರಿ."

ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಲು ಹೇಳಿದೆ. ಹೆಂಡತಿ ಹಚ್ಚಿದ್ದ ಮಲ್ಲಯ್ಯ ದೇವರ ಭಂಡಾರದ ಅರಿಸಿನ ಬಟ್ಟೆಯ ಹೊರಗೆ ಹಳದಿಯಾಗಿ ಅಂಟಿತ್ತು. ಒಳಗಿನ ಪದರ ಹಸಿರು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಕಪ್ಪಾಗುತ್ತಿದ್ದವು. ಪಾದದ ಮೇಲ್ಭಾಗ ಹೊಳೆಯುವಂತೆ ಬಾತಿತ್ತು. ತೊಗಟೆಯ ಕಷಾಯದಿಂದ ತೊಳೆದು ತೊಳೆದು ಚರ್ಮ ಚಪ್ಪಲಿಯ ತೊಗಲಿನ ಬಣ್ಣಕ್ಕೆ ಬಂದಿತ್ತು. ನಾನು ಬಗ್ಗಿ ನೋಡಿದಾಗ ಮೂಗಿಗೆ ಬಡಿದದ್ದು ಕೊಳೆತ ವಾಸನೆ ಮಾತ್ರವಲ್ಲ. ಅದರೊಳಗೆ ಒಂದು ಸಿಹಿ ವಾಸನೆಯಿತ್ತು, ಕಳಿತ ದ್ರಾಕ್ಷಿಯದು. ಹೊರಗೆ ತೋಟವಿತ್ತು ನಿಜ, ಆದರೆ ಕತ್ತರಿಸಿದ ಬಳ್ಳಿಗಳಲ್ಲಿ ಆಗ ಹಣ್ಣೇ ಇರಲಿಲ್ಲ.

ಆ ವಾಸನೆ ಕೊಡುವ, ಹಸಿರು ಬಣ್ಣ ಬಿಡುವ ಬ್ಯಾಕ್ಟೀರಿಯಾ ಒಂದಿದೆ. ಓದಿ ಗೊತ್ತಿತ್ತು. ಗಿಡದ ಸಾರಗಳಿಗೆ ಅದು ಸುಲಭಕ್ಕೆ ಜಗ್ಗುವುದಿಲ್ಲವೆಂದೂ ಗೊತ್ತಿತ್ತು.

"ನೋವೈತೇನ್ರಿ ಕಾಕಾ?"

"ನೋವಿಲ್ರಿ. ಅದಕ್ಕ ಅಂತೀನಿ, ಕಡಿಮಿ ಆಗಾಕತ್ತೈತಿ."

ಅಷ್ಟು ಹಾಳಾದ ಕಾಲಿನಲ್ಲಿ ನೋವಿಲ್ಲದಿರುವುದು ಇನ್ನೂ ಕೆಟ್ಟದ್ದು. "ಇವತ್ತ ಮಿರಜಕ್ಕ ಹೋಗೂನು. ನಾನೂ ಬರ್ತೀನಿ" ಎಂದೆ.

ಆತನ ಮುಖ ಬದಲಾಯಿತು. "ನಮ್ಮ ಅಣ್ಣ ಹೋಗಿದ್ದಾರಿ ಮಿರಜಕ್ಕ, ಹಿಂಗ ಕಾಲ ತೊಗೊಂಡು. ಬರೂಮುಂದ ಕಾಲ ಇರಲಿಲ್ಲ. ಕಾಲಿಲ್ಲದಂವ ಕುರಿ ಹಿಂದ ಹೆಂಗ ತಿರಗತಾನ್ರಿ? ಎರಡ ವರ್ಷ ಮನಿಯಾಗ ಕುಂತಂಗ ಕುಂತು ಸತ್ತ."

"ಈ ತೊಗಟಿ ಎಲ್ಲಾ ಹುಳಕ್ಕ ನಡ್ಯೂದಿಲ್ರಿ. ಒಂದಕ್ಕ ನಡೀತೈತಿ, ಒಂದಕ್ಕ ಇಲ್ಲ. ಪೇಪರಿನ್ಯಾವ್ರು ತಪ್ಪ ಬರದಾರ."

"ಅಂದ್ರ ನಿಮ್ಮ ಪರೀಕ್ಷಾ ಸುಳ್ಳೇನು?"

"ಸುಳ್ಳಲ್ರಿ."

"ಹಂಗಾರ ಮುಗೀತಲ್ಲ" ಎಂದು ಆತ ಬಟ್ಟೆ ಕಟ್ಟಿಕೊಳ್ಳತೊಡಗಿದ.

ಹೆಂಡತಿ ಅತ್ತಳು. ತೋಟದ ಮಾಲೀಕರೂ ಬಂದು ಹೇಳಿದರು, ತಮ್ಮ ಜೀಪಿನಲ್ಲಿ ಕಳಿಸುತ್ತೇನೆಂದರು. ಆತ ಅಲ್ಲಾಡಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿ ನನ್ನ ಬಾಯಿ ಒಣಗಿತು. ಕೊನೆಗೆ, ಏಕೆಂದು ಈಗಲೂ ಸರಿಯಾಗಿ ಹೇಳಲಾರೆ, ಬೇರೆ ಮಾತು ಆಡಿದೆ.

"ಪರೀಕ್ಷಾ ನಂಬ್ತೀರಿ ಹೌದಿಲ್ಲೋ? ನಿಮ್ಮ ಕಾಲಾಗಿನ ಹುಳಾನ ತೊಗೊಂಡ ಹೋಗಿ ಅದರ ಮ್ಯಾಲ ನಿಮ್ಮ ತೊಗಟಿ ಹಾಕ್ತೀನಿ. ಸತ್ತರ ನೀವ ಗೆದ್ರಿ. ಸಾಯಲಿಲ್ಲಂದ್ರ ಮಿರಜಕ್ಕ ಬರ್ಬೇಕು."

ಆತ ಕಟ್ಟುತ್ತಿದ್ದ ಬಟ್ಟೆಯನ್ನು ಅಲ್ಲಿಗೇ ಬಿಟ್ಟ. "ನನ್ನ ಕಣ್ಣಿಗೆ ತೋರಿಸ್ಬೇಕ್ರಿ ಮತ್ತ."

"ತೋರಸ್ತೀನಿ."

"ಮಲ್ಲಯ್ಯನ ಆಣಿ, ಬರ್ತೀನಿ."

ಕುಕ್ಕರಿನಲ್ಲಿ ಶುದ್ಧಗೊಳಿಸಿದ ಹತ್ತಿಕಡ್ಡಿ ತರಲು ನಾನು ಅಥಣಿಗೆ ಹೋಗಿ ಮರುದಿನ ಬೆಳಿಗ್ಗೆಯೇ ಮರಳಿದೆ. ಗಾಯದ ಆಳದಲ್ಲಿ ಕಡ್ಡಿಯನ್ನು ತಿರುಗಿಸಿ, ಕೊಳವೆಯಲ್ಲಿಟ್ಟು, ಹತ್ತಿಯ ಬಿರಡೆ ಹಾಕಿ, ಕರವಸ್ತ್ರದಲ್ಲಿ ಸುತ್ತಿ ಬಸ್ಸು ಹತ್ತಿದೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಕೊಳವೆಯನ್ನು ನೆಟ್ಟಗೆ ಎತ್ತಿ ಹಿಡಿಯುತ್ತಿದ್ದೆ. ಪಕ್ಕದಲ್ಲಿ ಕೂತವರು ಅದು ಹೋಮಿಯೋಪತಿ ಔಷಧವೇ ಎಂದು ಕೇಳಿದರು.

ಮುಖ್ಯಸ್ಥರು ಬಾಗಿಲಲ್ಲೇ ತಡೆದರು.

"ಇದು ದವಾಖಾನಿ ಅಲ್ರಿ. ಮನಷ್ಯಾನ ಕೀವು ತಂದ ಇಲ್ಲಿ ಬೆಳಸೂದಂದ್ರ? ಹುಡುಗ್ರು ಓಡಾಡೂ ಜಾಗಾ. ನಾಳೆ ಯಾರಿಗರೆ ಏನರೆ ಆದ್ರ?"

ಅವರ ಮಾತು ತಪ್ಪಾಗಿರಲಿಲ್ಲ. ನಮ್ಮಲ್ಲಿದ್ದದ್ದು ಗಾಜಿನ ಮುಂಭಾಗದ ಒಂದು ಮರದ ಪೆಟ್ಟಿಗೆ ಮತ್ತು ಸ್ಪಿರಿಟ್ ದೀಪ. ಆ ವಾರ ವಿದ್ಯಾರ್ಥಿಗಳನ್ನು ಒಳಗೆ ಬಿಡುವುದಿಲ್ಲ, ಎಲ್ಲ ಕೆಲಸ ನಾನೊಬ್ಬಳೇ ಮಾಡುತ್ತೇನೆ, ಮುಗಿದ ಮೇಲೆ ಪ್ರತಿಯೊಂದನ್ನೂ ಬೇಯಿಸಿ ಕೊಲ್ಲುತ್ತೇನೆ ಎಂದು ಮಾತು ಕೊಟ್ಟೆ. ಅವರು ಕೀಲಿ ಕೈಗಿಟ್ಟು ಹೋದರು.

ಇಂಥ ಕೆಲಸವನ್ನು ಅವಸರ ಮಾಡಲಾಗುವುದಿಲ್ಲ. ಕೀವಿನಲ್ಲಿ ಹಲವು ಜಾತಿ ಬೆರೆತಿರುತ್ತವೆ. ಮೊದಲು ತಾಟಿನ ಮೇಲೆ ಗೆರೆ ಎಳೆದಂತೆ ಸವರಿ, ಅವು ಬೇರೆಬೇರೆ ಚುಕ್ಕೆಗಳಾಗಿ ಬೆಳೆಯಲು ಬಿಡಬೇಕು. ಆಮೇಲೆ ಒಂದು ಚುಕ್ಕೆಯನ್ನು ಎತ್ತಿ ಅದನ್ನೊಂದನ್ನೇ ಬೆಳೆಸಬೇಕು. ಬೆಳೆದ ಮೇಲೆ ಇನ್ನೊಂದು ತಾಟಿನಲ್ಲಿ ಕುಣಿ ಕೊರೆದು ಸಾರ ಹಾಕಬೇಕು. ಪ್ರತಿ ಹಂತಕ್ಕೂ ಒಂದು ಹಗಲು, ಒಂದು ರಾತ್ರಿ. ಗೋಧಿ ಬಿತ್ತಿದವನಿಗೂ ಅಷ್ಟೇ, ಬ್ಯಾಕ್ಟೀರಿಯಾ ಬಿತ್ತಿದವಳಿಗೂ ಅಷ್ಟೇ, ಕಾಯದೆ ಬೇರೆ ದಾರಿಯಿಲ್ಲ. ತರಗತಿಯಲ್ಲಿ ಬೇರಿನ ರಚನೆ ಬಿಡಿಸುತ್ತಿದ್ದಾಗ ನನ್ನ ಕಣ್ಣ ಮುಂದೆ ಇದ್ದದ್ದು ಕಪ್ಪಾಗುತ್ತಿದ್ದ ಬೆರಳು.

ಮೊದಲ ತಾಟಿನ ಮುಚ್ಚಳ ಎತ್ತಿದ ಕೂಡಲೇ ಗುಡಾರದ ಸಿಹಿ ವಾಸನೆ ಬಂತು. ಅಗಾರೇ ಹಸಿರಾಗಿತ್ತು. ಗಾಜಿನ ಪಟ್ಟಿಯ ಮೇಲೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು. ನಾನು ಅಂದುಕೊಂಡ ಬ್ಯಾಕ್ಟೀರಿಯಾವೇ. ಅಲ್ಲಿಗೇ ನಿಲ್ಲಿಸಿ ಓಡಿಹೋಗಿ ಹೇಳಬೇಕೆನಿಸಿತು. ಆದರೆ ಆತ ಕಣ್ಣಿಗೆ ತೋರಿಸಿ ಎಂದಿದ್ದ, ನಾನು ತೋರಿಸುತ್ತೇನೆಂದಿದ್ದೆ. ಹಸಿರು ಅಗಾರು ಆತನಿಗೆ ಏನನ್ನು ತೋರಿಸೀತು?

ಮುಂದಿನ ತಾಟು ಸಜ್ಜುಗೊಳಿಸಿದೆ. ಒಂದು ಕುಣಿಯಲ್ಲಿ ಆತನ ತೊಗಟೆಯ ಸಾರ, ಒಂದರಲ್ಲಿ ಬರೀ ನೀರು, ಇನ್ನೊಂದು ಬದಿಗೆ ಆಸ್ಪತ್ರೆಯಲ್ಲಿ ಬಳಸುವ ಜೆಂಟಾಮೈಸಿನ್ ಔಷಧ ಹೀರಿಸಿದ ಕಾಗದದ ಬಿಲ್ಲೆ. ಮಿರಜದಿಂದ ಬ್ಯಾಕ್ಟೀರಿಯಾ ತರುವಾಗ ಆ ಬಿಲ್ಲೆಗಳನ್ನೂ ಕೊಟ್ಟಿದ್ದರು. ಜೊತೆಗೆ ಹಳೆಯ ಜಾತಿಯದೊಂದು ತಾಟನ್ನೂ ಇಟ್ಟೆ, ಜಾಲಿ ಗೆಲ್ಲುತ್ತಿದ್ದ ತಾಟು. ಅಂದು ಕರೆಂಟು ಹೋಯಿತು. ಬೇಸಿಗೆಯಲ್ಲಿ ಸುಡುತ್ತಿದ್ದ ಕೋಣೆ ಈಗ ತಣ್ಣಗಿತ್ತು, ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನವಾಯಿತು. ಬೆಳಿಗ್ಗೆ ನೋಡಿದರೆ ತಾಟುಗಳ ಮೇಲೆ ಏನಿದೆ, ಏನಿಲ್ಲ ಎಂದು ಹೇಳಲಾಗದಂಥ ತೆಳು ಮಬ್ಬು. ಇನ್ನೊಂದು ದಿನ ಬಿಡಬೇಕಾಯಿತು. ಆ ದಿನವನ್ನು ನಾನು ಹೇಗೆ ಕಳೆದೆನೆಂಬುದು ನೆನಪಿಲ್ಲ.

ಮರುದಿನ ಹಸಿರು ತಾಟಿನಲ್ಲಿ ಬ್ಯಾಕ್ಟೀರಿಯಾ ಜಾಲಿಯ ಕುಣಿಯ ಅಂಚಿನವರೆಗೂ ಬೆಳೆದಿತ್ತು. ಔಷಧದ ಬಿಲ್ಲೆಯ ಸುತ್ತ ದುಂಡಗೆ ತಿಳಿಯಾದ ಜಾಗ. ಅಷ್ಟು ಸ್ಪಷ್ಟವಾದ ಫಲಿತಾಂಶ ನನಗೆ ಆ ವರ್ಷವೆಲ್ಲ ಸಿಕ್ಕಿರಲಿಲ್ಲ. ತಾಟುಗಳ ಅಂಚಿಗೆ ಟೇಪು ಸುತ್ತಿ, ಊಟದ ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟು ಹೊರಟೆ.

ಗುಡಾರದಲ್ಲಿ ಆತ ಈಗ ಮಲಗಿದ್ದ. ಜ್ವರವಿತ್ತು. ಕಪ್ಪು ಬಣ್ಣ ಬೆರಳುಗಳನ್ನು ದಾಟಿ ಪಾದಕ್ಕೆ ಬಂದಿತ್ತು. ಹೆಂಡತಿ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದಳು. ಎರಡು ತಾಟುಗಳನ್ನು ಬಾಗಿಲ ಬೆಳಕಿಗೆ ಹಿಡಿದೆ.

"ಇದು ಮಿರಜದಿಂದ ತಂದ ಹುಳಾರಿ. ನಡಬರಕ ನಿಮ್ಮ ತೊಗಟಿ ಐತಿ. ನೋಡ್ರಿ, ಸುತ್ತ ಖಾಲಿ ಆಗೇತಿ. ಇದು ನಿಮ್ಮ ಕಾಲಿನ ಹುಳಾ. ಇಲ್ಲೂ ಅದ ತೊಗಟಿ ಹಾಕೀನಿ."

ಆತ ತಾಟನ್ನು ಕೈಗೆ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದ. ತಿರುಗಿಸಿದ. ಬಹಳ ಹೊತ್ತು ನೋಡಿದ.

"ಹಿಂಡಿನ್ಯಾಗ ತ್ವಾಳ ಹೊಕ್ಕರ ಹಿಂಗ ಬೈಲ ಆಗತೈತ್ರಿ," ಎಂದು ಮೊದಲ ತಾಟಿನ ವರ್ತುಲ ತೋರಿಸಿದ. ಆಮೇಲೆ ಹಸಿರು ತಾಟಿನ ಕುಣಿಯ ಮೇಲೆ ಬೆರಳಿಟ್ಟ. "ಇಲ್ಲಿ ಕುರಿಗಳೇ ತ್ವಾಳನ್ನ ತಿಂದಾವಲ್ರಿ." ಬಿಲ್ಲೆಯ ಕಡೆ ಗದ್ದ ಚಾಚಿ ಕೇಳಿದ: "ಇದ್ಯಾವ ತ್ವಾಳಾರಿ?"

"ದವಾಖಾನಿ ಔಷದ."

ಆತ ತಾಟುಗಳನ್ನು ನನ್ನ ಕೈಗೆ ಕೊಟ್ಟ. ಹೆಂಡತಿಯತ್ತ ತಿರುಗಿ, "ಕಂಬಳಿ ತೊಗೊ" ಎಂದಷ್ಟೇ ಹೇಳಿದ. ಮಾಲೀಕರ ಜೀಪು ಬಂತು. ಜೀಪಿನ ಹಿಂದೆ ಆತನನ್ನು ಮಲಗಿಸಿದೆವು. ಕಾಗವಾಡ ದಾಟುವವರೆಗೂ ಆತ ಕುರಿಗಳಿಗೆ ನೀರು ಕುಡಿಸುವ ಹೊತ್ತಾಯಿತೆಂದು ಹೇಳುತ್ತಲೇ ಇದ್ದ. ಜ್ವರದ ಮಾತೋ, ನಿಜಕ್ಕೂ ಚಿಂತೆಯೋ ತಿಳಿಯಲಿಲ್ಲ.

ಮಿರಜದ ವೈದ್ಯರು ರಕ್ತ ಪರೀಕ್ಷಿಸಿದರು. ಆತನಿಗೆ ಸಕ್ಕರೆ ಕಾಯಿಲೆಯಿತ್ತು, ಯಾರಿಗೂ ಗೊತ್ತಿರಲಿಲ್ಲ. ಕಾಲಿಗೆ ನೋವು ಗೊತ್ತಾಗದ್ದು ಅದರಿಂದಲೇ. ವೈದ್ಯರು ಪಾದವನ್ನು ಒತ್ತಿ ನೋಡಿ, ಹೆಂಡತಿಗೆ ಮರಾಠಿಯಲ್ಲಿ, "ಉಶೀರ ಝಾಲಾ, ಬಾಯಿ" ಎಂದರು. ತಡವಾಯಿತಮ್ಮ. ಅವಳಿಗೆ ಅರ್ಥವಾಯಿತು. ಮೊದಲು ಬೆರಳುಗಳನ್ನು ತೆಗೆದರು. ಅಷ್ಟಕ್ಕೆ ನಿಲ್ಲಲಿಲ್ಲ. ಕೆಲವು ದಿನಗಳ ಮೇಲೆ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಆಮೇಲೆ ನಾನು ವೈದ್ಯರನ್ನು ಒಂಟಿಯಾಗಿ ಭೇಟಿಯಾದೆ. ನಾನು ಕಡ್ಡಿಯಲ್ಲಿ ಕೀವು ತೆಗೆದ ದಿನವೇ ಇಲ್ಲಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ಕೇಳಿದೆ.

"ಅವತ್ತು ಬೆರಳು ಮಾತ್ರ ಕಪ್ಪಿದ್ದವು ಅಂತೀರಲ್ಲವೇ?"

"ಹೌದು."

"ಬೆರಳಿನಲ್ಲೇ ಮುಗಿಯುತ್ತಿತ್ತೇನೋ. ಖಂಡಿತ ಅಂತ ಯಾರು ಹೇಳುತ್ತಾರೆ?" ಎಂದು ಅವರು ಮುಂದಿನ ರೋಗಿಯ ಕಡೆ ಹೋದರು.

ಬಿತ್ತಿದ್ದು, ಬೇರ್ಪಡಿಸಿದ್ದು, ಕರೆಂಟು ಹೋಗಿ ಕಾದದ್ದು, ಆ ದಿನಗಳೆಲ್ಲ ಆತನ ಕಾಲಿನ ಮೇಲೆ ಬಿದ್ದಿದ್ದವು. ಆದರೆ ಆ ದಿನಗಳಿಲ್ಲದಿದ್ದರೆ ತಾಟು ಇರುತ್ತಿರಲಿಲ್ಲ, ತಾಟಿಲ್ಲದಿದ್ದರೆ ಆತ ಗುಡಾರ ಬಿಟ್ಟು ಏಳುತ್ತಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿದೆ. ವಾರ್ಡಿನ ಹೊರಗೆ ಭಕ್ರಿ ಮುರಿಯುತ್ತ ಕೂತಿದ್ದವಳು ತಲೆಯೆತ್ತದೆ ಹೇಳಿದಳು:

"ನೀವ ತಾಟ ತರಲಿಲ್ಲಂದ್ರ ಅಂವಾ ಅಲ್ಲೇ ಸಾಯ್ತಿದ್ದಾರಿ. ಜೀವ ಉಳೀತಲ್ಲ. ಸುಮ್ಮನಿರ್ರಿ."

ಒಳಗೆ ಹೋದೆ. ಆತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಆತನೇ ಹೇಳಿದ:

"ಆ ಮೊದಲನೇ ದಿನ ನನ್ನ ಮಾತ ಕೇಳಬಾರದಿತ್ರಿ ಬಾಯಾರ. ಕೈ ಹಿಡದ ಎಳಕೊಂಡ ಬರಬೇಕಾಗಿತ್ತು."

ಸಿಟ್ಟಿನಿಂದ ಹೇಳಲಿಲ್ಲ. ಆತನನ್ನು ಎಳೆದುಕೊಂಡು ಹೋಗಲು ಆವತ್ತು ಯಾರಿಂದಲೂ ಆಗುತ್ತಿರಲಿಲ್ಲ ಎಂದು ಹೇಳಬಹುದಿತ್ತು, ನಿಜವೂ ಆಗಿತ್ತು. ಜಾರಿದ್ದ ಕಂಬಳಿಯನ್ನು ಆತನಿಗೆ ಸರಿಯಾಗಿ ಹೊದಿಸಿದೆ. ಇಬ್ಬರ ಮಾತೂ ನನ್ನೊಳಗೆ ಉಳಿದವು, ಒಂದು ಇನ್ನೊಂದನ್ನು ಅಳಿಸಲಿಲ್ಲ.

ಕಾಲೇಜಿಗೆ ಮರಳಿ ಮಾತು ಕೊಟ್ಟಂತೆ ಎಲ್ಲ ತಾಟುಗಳನ್ನು ಬೇಯಿಸಿ, ಮರದ ಪೆಟ್ಟಿಗೆಯನ್ನು ಫೀನಾಲಿನಿಂದ ಒರೆಸಿದೆ. ಆ ಚಳಿಗಾಲದಲ್ಲಿ ಧಾರವಾಡದಲ್ಲೊಂದು ವಿಚಾರ ಸಂಕಿರಣವಿತ್ತು. ಜಾಲಿಯ ಪ್ರಬಂಧವನ್ನು ನಾನೂ ಮುಖ್ಯಸ್ಥರೂ ಸೇರಿ ಓದುವುದೆಂದು ಮೊದಲೇ ನಿರ್ಧಾರವಾಗಿತ್ತು. ನಾನು ಅದರಲ್ಲಿ ಹಸಿರು ತಾಟಿನ ಫಲಿತಾಂಶವನ್ನೂ ಸೇರಿಸಿದೆ.

"ಅದನ್ನ ತಗೀರಿ," ಎಂದರು ಅವರು. "ಅದು ಒಬ್ಬನ ಗಾಯದಿಂದ ಬಂದದ್ದು. ಪ್ರಮಾಣಿತ ತಳಿ ಅಲ್ಲ. ಒಂದ ತಾಟಿನ ಮ್ಯಾಲ ಯಾರೂ ತೀರ್ಮಾನ ಮಾಡೂದಿಲ್ಲ."

"ತೀರ್ಮಾನ ಮಾಡಿಲ್ರಿ ಸರ್. ಹಿಂಗ ಆತು ಅಂತ ಬರದೀನಿ, ಅಷ್ಟ."

"ಹಂಗಾದ್ರ ನನ್ನ ಹೆಸರು ಬ್ಯಾಡ."

ನಾನೊಬ್ಬಳೇ ಓದಿದೆ. ಓದಿ ಮುಗಿಸಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು, ಆ ಕೊನೆಯ ಭಾಗ ನಿಮ್ಮ ಕೆಲಸವನ್ನೇ ದುರ್ಬಲಗೊಳಿಸುವುದಿಲ್ಲವೇ ಎಂದು ಕೇಳಿದರು. ಹೌದು, ದುರ್ಬಲಗೊಳಿಸುತ್ತದೆ ಎಂದೆ. ಸಭೆಯಲ್ಲಿ ಯಾರೋ ನಕ್ಕರು. ಮುಂದಿನ ಪ್ರಬಂಧಕ್ಕೆ ಕರೆ ಬಂತು. ಮುಖ್ಯಸ್ಥರೂ ನಾನೂ ಅದೇ ಪ್ರಯೋಗಾಲಯದಲ್ಲಿ ಆಮೇಲೂ ವರ್ಷಗಟ್ಟಲೆ ಕೆಲಸ ಮಾಡಿದೆವು. ಒಬ್ಬರಿಗೊಬ್ಬರು ಮರ್ಯಾದೆಯಿಂದಲೇ ಮಾತಾಡಿದೆವು. ಜಾಲಿಯ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಕುರಿಗಾರ ಕಂಕುಳಕೋಲು ಹಿಡಿದು ಓಡಾಡುವಷ್ಟು ಸುಧಾರಿಸಿದ. ಕುರಿಗಳ ಹಿಂದೆ ಹೆಂಡತಿ ತಿರುಗುತ್ತಿದ್ದಳು. ಆತ ಊರ ಕಟ್ಟೆಯ ಮೇಲೆ ಕೂತು ಬಂದವರಿಗೆ ತೋಳ, ಕುರಿ, ಗಾಜಿನ ತಾಟಿನ ಕತೆ ಹೇಳುತ್ತಿದ್ದನೆಂದು ಕೇಳಿದೆ. ಕತೆ ನಾನು ಅಂದುಕೊಂಡದ್ದಕ್ಕಿಂತ ದೂರ ಹೋಯಿತು.

ಮುಂದಿನ ವರ್ಷದ ಶ್ರಾವಣ. ಮುಗಳಖೋಡ ಕಡೆಯ ಒಬ್ಬ ಹೆಂಗಸು ಹಾರೂಗೇರಿಯಲ್ಲಿ ಬಸ್ಸು ಬದಲಿಸಿ ಅಥಣಿಗೆ ಬಂದಿದ್ದಳು. ಪ್ರಯೋಗಾಲಯದ ಬಾಗಿಲ ಹತ್ತಿರ ನಿಂತು, ಸೆರಗಿನಿಂದ ಒಂದು ಸಣ್ಣ ಸ್ಟೀಲಿನ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು.

"ನಮ್ಮ ಮನಿಯಾವ್ರ ಕಾಲಿನ ಕೀವ ಐತ್ರಿ ಅರಳ್ಯಾಗ. ನಿಮ್ಮ ಗಾಜಿನ ತಾಟಿನ್ಯಾಗ ಹಾಕಿ ನೋಡ್ರಿ. ಯಾವ ಔಷದಕ್ಕ ಬಗ್ಗತೈತಿ ಹೇಳ್ರಿ, ಅದನ್ನ ಹಾಕ್ತೀವಿ."

"ಅವ್ರ ಎಲ್ಲಿ ಅದಾರ?"

"ಬಸ್ ಸ್ಟ್ಯಾಂಡಿನ್ಯಾಗ ಮಲಗ್ಯಾರ್ರಿ. ನಡ್ಯಾಕ ಬರೂದಿಲ್ಲ."

ನನ್ನ ಹಿಂದೆ ಶುದ್ಧ ಮಾಡಿದ ತಾಟುಗಳು ಕಂದು ಪತ್ರಿಕೆಯಲ್ಲಿ ಸುತ್ತಿ ಸಜ್ಜಾಗಿದ್ದವು. ಅಗಾರೂ ಇತ್ತು, ಕರೆಂಟೂ ಇತ್ತು. ಮಧ್ಯಾಹ್ನ ನನ್ನ ಪ್ರಾಯೋಗಿಕ ತರಗತಿ. ಕೋಟು ಕಳಚಿ ಕುರ್ಚಿಗೆ ಹಾಕಿ, ಇವತ್ತಿನ ತರಗತಿ ಇಲ್ಲವೆಂದು ಸಹಾಯಕನಿಗೆ ಹೇಳಿ ಅವಳ ಜೊತೆ ಹೊರಬಿದ್ದೆ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಗಂಡ ಮಲಗಿದ್ದ. ಬಟ್ಟೆ ಸುತ್ತಿದ ಕಾಲಿಗೆ ನೊಣ ಮುತ್ತಿದ್ದವು. ಮಿರಜದ ಬಸ್ಸು ಆಗಲೇ ಎಂಜಿನ್ ಚಾಲೂ ಮಾಡಿ ನಿಂತಿತ್ತು. ಕಂಡಕ್ಟರನನ್ನು ಕರೆದು ಇಬ್ಬರೂ ಸೇರಿ ಆತನನ್ನು ಎತ್ತಿದೆವು.

ಹೆಂಗಸು ಮೆಟ್ಟಿಲ ಮೇಲೆ ತಡೆದು ನಿಂತಳು. "ಪರೀಕ್ಷಾ ಮಾಡೂದಿಲ್ಲೇನ್ರಿ?"

"ಮಾಡೂದಿಲ್ಲವಾ. ಹತ್ತ."

"ಮಂಗಸೂಳಿ ಕಾಕಾನ ಕತಿ ಹೇಳಿದವ್ರು ಅಂದ್ರು, ಮೊದಲ ಬಾಯಾರ ನೋಡ್ತಾರ, ಆಮ್ಯಾಲ…"

"ಆಮ್ಯಾಲ ಏನೂ ಇಲ್ಲ. ನಾನೂ ಬರ್ತೀನಿ, ಹತ್ತ ನೀ."

ಹತ್ತಿದಳು. ಆತನ ಕಾಲನ್ನು ಅವಳ ತೊಡೆಯ ಮೇಲಿರಿಸಿ ನಾನು ಪಕ್ಕದ ಸೀಟಿನಲ್ಲಿ ಕೂತೆ. ಬಸ್ಸು ಊರು ಬಿಟ್ಟಿತು. ಡಬ್ಬಿಯನ್ನು ಅವಳು ನನ್ನ ಕೈಗೇ ಕೊಟ್ಟಿದ್ದಳು, ಅದು ಮಡಿಲಲ್ಲಿ ಬೆಚ್ಚಗಿತ್ತು. ಒಳಗೆ ಹಸಿರಿದೆಯೋ, ದ್ರಾಕ್ಷಿಯ ವಾಸನೆಯಿದೆಯೋ ಎಂದು ತಿಳಿಯುವ ಆಸೆ ದಾರಿಯುದ್ದಕ್ಕೂ ಇತ್ತು. ಮುಚ್ಚಳ ತೆಗೆಯಲಿಲ್ಲ.